ಹುಲ್ಲಿನಡಿಯ ಬದುಗಳು: ವರವು ಕಾವಲಿನ ನೆಲವನ್ನು ಓದುವ ಬಗೆ

ಚರಿತ್ರೆ ಎಂದೊಡನೆ ನಮ್ಮ ಮನಸ್ಸು ಕೋಟೆ ಕೊತ್ತಲಗಳತ್ತ, ದೇಗುಲಗಳತ್ತ, ಅರಸರ ವಂಶಾವಳಿಗಳತ್ತ ಹರಿಯುವುದು ವಾಡಿಕೆ. ಆದರೆ ಆ ಕೋಟೆಯ ಕಣಜವನ್ನು ತುಂಬಿದುದೂ, ಆ ದೇಗುಲದ ದೀಪಕ್ಕೆ ಎಣ್ಣೆ ಒದಗಿಸಿದುದೂ ಒಕ್ಕಲಿಗನ ಹೊಲವೇ ಅಲ್ಲವೆ? ಹೊಲವೆಂದ ಮೇಲೆ ಅದಕ್ಕೊಂದು ಬದು ಇರಬೇಕು. ಬಿದ್ದ ಮಳೆಯನ್ನು ತಡೆಯಲು ಒಡ್ಡು, ಹೆಚ್ಚಾದ ನೀರನ್ನು ಹೊರಹಾಕಲು ಬಸಿಗಾಲುವೆ, ನೆರೆಯವನ ಹೊಲದಿಂದ ತನ್ನದನ್ನು ಬೇರ್ಪಡಿಸಲು ಒಂದು ಕಲ್ಲು ಇರಬೇಕು. ಕವಿಗಳು ಇವನ್ನು ವರ್ಣಿಸಲಿಲ್ಲ. ಅರಸರು ಇವುಗಳ ಮೇಲೆ ತಮ್ಮ ಬಿರುದುಗಳನ್ನು ಕೆತ್ತಿಸಲಿಲ್ಲ. ಆದರೂ ನಮ್ಮ ಹಳ್ಳಿಗಳ ನಿಜವಾದ ಇತಿಹಾಸವು ಈ ಬದು ಕಾಲುವೆಗಳ ಮಣ್ಣಿನಲ್ಲಿಯೇ ಪದರ ಪದರವಾಗಿ ಕುಳಿತಿದೆ. ಆ ಮಣ್ಣನ್ನು ಓದುವ ಬಗೆ ಹೇಗೆ, ನಮ್ಮ ಸೀಮೆಯಲ್ಲಿ ಅದನ್ನು ಎಲ್ಲಿ ಹುಡುಕಬೇಕು ಎಂಬುದನ್ನು ಇಲ್ಲಿ ವಿಚಾರ ಮಾಡಬಹುದು.

ಚಿತ್ರದುರ್ಗ ಜಿಲ್ಲೆಯ ಚಳ್ಳಕೆರೆ ಮೊಳಕಾಲ್ಮೂರು ಸೀಮೆಯು ನಾಡಿನಲ್ಲಿಯೇ ಅತ್ಯಂತ ಕಡಿಮೆ ಮಳೆ ಬೀಳುವ ಪ್ರದೇಶಗಳಲ್ಲಿ ಒಂದು. ಅಲ್ಲಲ್ಲಿ ಕಲ್ಲುಗುಡ್ಡಗಳು, ನಡುವೆ ಕೆಂಪು ಮಸಾರಿ, ತಗ್ಗಿನಲ್ಲಿ ಎರೆಭೂಮಿ, ಮಳೆಗಾಲದಲ್ಲಿ ಮಾತ್ರ ಹರಿಯುವ ಹಳ್ಳಗಳು, ಇವುಗಳ ಮಧ್ಯೆ ಸಾವಿರಾರು ಎಕರೆ ವಿಸ್ತಾರವಾದ ಹುಲ್ಲುಗಾವಲುಗಳು. ಈ ಹುಲ್ಲುಗಾವಲುಗಳನ್ನೇ ಕಾವಲು ಎನ್ನುತ್ತಾರೆ. ವರವು ಕಾವಲ್ ಅವುಗಳಲ್ಲಿ ಒಂದು. ಹೊರಗಿನಿಂದ ಬಂದವರ ಕಣ್ಣಿಗೆ ಅದು ಬರಿಯ ಬಯಲು. ಚರಿತ್ರೆಯೇ ನಡೆಯದ ಖಾಲಿ ಜಾಗ. ಈ ಭಾವನೆ ಎಷ್ಟು ಸರಿ ಎಂಬುದೇ ಈ ಲೇಖನದ ಮುಖ್ಯ ಪ್ರಶ್ನೆ.

ಪುರಾತತ್ತ್ವಕ್ಕೆ ಈ ಸೀಮೆ ಅಪರಿಚಿತವೇನಲ್ಲ. 1892ರಲ್ಲಿ ಬಿ. ಎಲ್. ರೈಸ್ ಅವರು ಮೊಳಕಾಲ್ಮೂರು ತಾಲ್ಲೂಕಿನ ಬ್ರಹ್ಮಗಿರಿ, ಸಿದ್ದಾಪುರ, ಜಟಿಂಗ ರಾಮೇಶ್ವರಗಳಲ್ಲಿ ಅಶೋಕ ಚಕ್ರವರ್ತಿಯ ಶಾಸನಗಳನ್ನು ಬೆಳಕಿಗೆ ತಂದರು. ಅವುಗಳಲ್ಲಿ ಇಸಿಲ ಎಂಬ ಊರಿನ ಹೆಸರಿದೆ. ಮುಂದೆ ಮೈಸೂರಿನ ಡಾ. ಎಂ. ಎಚ್. ಕೃಷ್ಣ ಅವರು ಚಂದ್ರವಳ್ಳಿಯಲ್ಲೂ ಬ್ರಹ್ಮಗಿರಿಯಲ್ಲೂ ಉತ್ಖನನ ನಡೆಸಿದರು. 1947ರಲ್ಲಿ ಭಾರತೀಯ ಪುರಾತತ್ತ್ವ ಸರ್ವೇಕ್ಷಣೆಯ ಮಹಾನಿರ್ದೇಶಕರಾಗಿದ್ದ ಮಾರ್ಟಿಮರ್ ವೀಲರ್ ಅವರು ಅದೇ ಎರಡು ಸ್ಥಳಗಳಲ್ಲಿ ಮತ್ತೆ ಅಗೆದು, ಕಲ್ಲುಕೊಡಲಿಯ ಕಾಲ, ಬೃಹತ್ ಶಿಲಾಗೋರಿಗಳ ಕಾಲ, ಆಂಧ್ರ ಸಾತವಾಹನರ ಕಾಲ ಎಂದು ಮೂರು ಸಂಸ್ಕೃತಿಗಳ ಅನುಕ್ರಮವನ್ನು ಗುರುತಿಸಿದರು. ದಕ್ಷಿಣ ಭಾರತದ ಪ್ರಾಚೀನ ಇತಿಹಾಸಕ್ಕೆ ಅಂದು ಬಿದ್ದ ಅಡಿಗಲ್ಲು ಅದು.

ಈ ಮಹನೀಯರ ಕಾರ್ಯಕ್ಕೆ ನಾವೆಲ್ಲ ಋಣಿಗಳು. ಆದರೆ ಒಂದು ಮಾತನ್ನು ಗಮನಿಸಬೇಕು. ಅವರು ಅಗೆದುದು ಜನ ವಾಸಿಸಿದ ನೆಲೆಯನ್ನು ಮತ್ತು ಸತ್ತವರನ್ನು ಹೂಳಿದ ಗೋರಿಯನ್ನು. ಬದುಕಿದ್ದವರು ದಿನವೂ ದುಡಿದ ಹೊಲವೆಲ್ಲಿ? ಬ್ರಹ್ಮಗಿರಿಯ ತಪ್ಪಲಿನ ಜನ ಉಂಡ ಕಾಳು ಎಲ್ಲಿ ಬೆಳೆಯಿತು? ಅಂದಿನ ಪುರಾತತ್ತ್ವ ಈ ಪ್ರಶ್ನೆಯನ್ನು ಹೆಚ್ಚಾಗಿ ಕೇಳಲಿಲ್ಲ. ಊರಿನ ದಿಬ್ಬದಲ್ಲಿ ಒಂದು ಗುಂಡಿ ತೋಡಿದರೆ ನೂರು ವಸ್ತುಗಳು ಸಿಗುತ್ತವೆ. ಹೊಲದ ಬದುವನ್ನು ಕಡಿದರೆ ಸಿಗುವುದು ಮಣ್ಣು ಮಾತ್ರ. ಮಣ್ಣೇ ಸಾಕ್ಷಿಯೆಂದು ತಿಳಿಯಲು ವಿದ್ವಾಂಸರಿಗೂ ಬಹಳ ಕಾಲ ಹಿಡಿಯಿತು.

ಈ ದಾರಿಯನ್ನು ಮೊದಲು ವಿಸ್ತಾರವಾಗಿ ತೆರೆದ ನಾಡುಗಳಲ್ಲಿ ಇಂಗ್ಲೆಂಡ್ ಒಂದು. 1920ರ ದಶಕದಲ್ಲಿ ಒ. ಜಿ. ಎಸ್. ಕ್ರಾಫರ್ಡ್ ಎಂಬವರು ವಿಮಾನದಿಂದ ಚಿತ್ರಗಳನ್ನು ತೆಗೆಯಿಸಿ, ನೆಲದ ಮೇಲೆ ನಿಂತಾಗ ಕಾಣದ ಪ್ರಾಚೀನ ಹೊಲಗಳ ಗೆರೆಗಳು ಎತ್ತರದಿಂದ ಸ್ಪಷ್ಟವಾಗಿ ಕಾಣುತ್ತವೆಂದು ತೋರಿಸಿಕೊಟ್ಟರು. ಅನಂತರ ಮೌರಿಸ್ ಬೆರೆಸ್‌ಫರ್ಡ್ ಎಂಬ ಇತಿಹಾಸಕಾರರು ಹಳೆಯ ಊರುಗಳ ನಕ್ಷೆಗಳನ್ನು ಕೈಯಲ್ಲಿ ಹಿಡಿದು ಹುಲ್ಲುಗಾವಲುಗಳಲ್ಲಿ ನಡೆದರು. ಅಲ್ಲಿ ನೆಲ ಅಲೆ ಅಲೆಯಾಗಿ ಏರಿಳಿದಿತ್ತು. ಏರು ಎಂದರೆ ಒಬ್ಬೊಬ್ಬ ರೈತನ ಉಳುಮೆಯ ಪಟ್ಟೆ. ಇಳಿ ಎಂದರೆ ಎರಡು ಪಟ್ಟೆಗಳ ನಡುವಿನ ಸಾಲು. ಆ ಸಾಲೇ ಗಡಿಯೂ ಆಗಿತ್ತು, ಮಳೆಯ ನೀರು ಬಸಿದು ಹೋಗುವ ಕಾಲುವೆಯೂ ಆಗಿತ್ತು. ಯಾರ್ಕ್‌ಷೈರಿನ ವಾರಮ್ ಪರ್ಸಿ ಎಂಬ ಹಾಳೂರಿನಲ್ಲಿ ಅವರೂ ಜಾನ್ ಹರ್ಸ್ಟ್ ಅವರೂ 1950ರಿಂದ 1990ರವರೆಗೆ ಬೇಸಿಗೆಯಿಂದ ಬೇಸಿಗೆಗೆ ಅಗೆತವನ್ನು ಮುಂದುವರಿಸಿದರು. ಒಂದು ಸಾಮಾನ್ಯ ಹಳ್ಳಿಗಾಗಿ ನಾಲ್ಕು ದಶಕಗಳ ಶ್ರಮ! ಅರಸನಿಲ್ಲದ ಊರಿಗೂ ಚರಿತ್ರೆ ಉಂಟೆಂಬುದನ್ನು ಅದು ಸಾಧಿಸಿ ತೋರಿಸಿತು.

ಈ ಕೆಲಸದಿಂದ ಹೊರಬಿದ್ದ ಒಂದು ಸಂಗತಿ ನಮಗೆ ಬಹಳ ಮುಖ್ಯವಾದುದು. ಆ ಹಳೆಯ ಬದು ಸಾಲುಗಳು ಉಳಿದುದು ಎಲ್ಲಿ? ಮುಂದೆಯೂ ಉಳುಮೆ ನಡೆದ ಹೊಲಗಳಲ್ಲಿ ಅವು ಅಳಿಸಿಹೋದವು. ಯಾವ ಹೊಲವನ್ನು ಬಿಟ್ಟು ಕುರಿ ಮೇಯಿಸಲು ಹುಲ್ಲಿಗೆ ಕೊಟ್ಟರೋ ಅಲ್ಲಿ ಅವು ಹಾಗೆಯೇ ಉಳಿದುಕೊಂಡವು. ಹುಲ್ಲಿನ ಬೇರು ಮಣ್ಣನ್ನು ಹಿಡಿದು ನಿಲ್ಲಿಸಿತು. ಹುಲ್ಲುಗಾವಲು ಹಳೆಯ ಹೊಲವನ್ನು ಮರೆಸಲಿಲ್ಲ, ಮುಚ್ಚಿ ಕಾಪಾಡಿತು.

ಬದುವನ್ನು ಅಗೆಯುವ ಕ್ರಮವನ್ನು ಸ್ವಲ್ಪ ವಿವರಿಸುವುದು ಉಚಿತ. ಬದುವಿಗೆ ಅಡ್ಡಲಾಗಿ, ಒಂದು ಹೊಲದಿಂದ ಇನ್ನೊಂದು ಹೊಲದವರೆಗೆ ಕಿರಿದಾದ ಕಂದಕವೊಂದನ್ನು ತೋಡಿ ಅದರ ಗೋಡೆಯನ್ನು ಹಸನಾಗಿ ಕೆರೆಯುತ್ತಾರೆ. ಆಗ ಬದು ಹೇಗೆ ಬೆಳೆಯಿತೆಂಬುದು ಬಣ್ಣ ಬಣ್ಣದ ಪಟ್ಟಿಗಳಾಗಿ ತೋರುತ್ತದೆ. ಎಲ್ಲಕ್ಕಿಂತ ಕೆಳಗೆ ಬದು ಹಾಕುವ ಮುನ್ನ ಇದ್ದ ನೆಲದ ಮೇಲ್ಮೈ ಹೂತಿರುತ್ತದೆ. ಅದರ ಮೇಲೆ ಮೊದಲ ತಲೆಮಾರಿನವರು ಹೊಲದಿಂದ ಆಯ್ದು ಎಸೆದ ಕಲ್ಲುಗಳು. ಅದರ ಮೇಲೆ ಇಳಿಜಾರಿನಿಂದ ಕೊಚ್ಚಿಬಂದು ನಿಂತ ಮಣ್ಣು. ಮತ್ತೆ ಕಲ್ಲು, ಮತ್ತೆ ಮಣ್ಣು. ಬದುವಿನ ಮೇಲ್ಬದಿಯಲ್ಲಿ ಮಣ್ಣು ದಪ್ಪವಾಗಿಯೂ ಕೆಳಬದಿಯಲ್ಲಿ ತೆಳುವಾಗಿಯೂ ಇದ್ದರೆ ಅದು ಕೇವಲ ಗಡಿಯಲ್ಲ, ಮಣ್ಣು ನೀರುಗಳನ್ನು ತಡೆದ ಒಡ್ಡು ಎಂದು ನಿಶ್ಚಯಿಸಬಹುದು.

ಕಾಲುವೆಯ ಭಾಷೆಯೇ ಬೇರೆ. ನೀರು ರಭಸದಿಂದ ಹರಿದಾಗ ತಳದಲ್ಲಿ ದಪ್ಪ ಮರಳು, ನೊರಜುಗಲ್ಲು ನಿಲ್ಲುತ್ತವೆ. ನಿಧಾನವಾದಾಗ ನುಣ್ಣನೆಯ ಹೂಳು ಕೂರುತ್ತದೆ. ಊರವರು ಹೂಳೆತ್ತಿದ್ದರೆ ಪದರಗಳು ನಡುವೆ ಕಡಿದಂತೆ ಕಾಣುತ್ತವೆ, ಎತ್ತಿದ ಹೂಳು ದಡದ ಮೇಲೆ ಗುಡ್ಡೆಯಾಗಿರುತ್ತದೆ. ಹೂಳೆತ್ತುವುದು ನಿಂತ ಮೇಲೆ ಕಾಲುವೆ ತಾನಾಗಿ ತುಂಬಿ ಮುಚ್ಚಿಹೋಗುತ್ತದೆ. ಒಂದು ಊರು ಒಗ್ಗಟ್ಟಾಗಿ ಎಷ್ಟು ಕಾಲ ದುಡಿಯಿತು, ಯಾವಾಗ ಕೈಬಿಟ್ಟಿತು ಎಂಬ ಸಂಗತಿ ಆ ಹೂಳಿನಲ್ಲಿಯೇ ಬರೆದಿರುತ್ತದೆ.

ಕಾಲವನ್ನು ನಿರ್ಣಯಿಸಲು ಎರಡು ಮುಖ್ಯ ಉಪಾಯಗಳಿವೆ. ಮೊದಲನೆಯದು ಮಡಕೆಯ ಚೂರು. ನಮ್ಮ ಹಳ್ಳಿಗಳಲ್ಲಿ ಮನೆಯ ಕಸ, ಬೂದಿ, ಸಗಣಿ ಎಲ್ಲವೂ ತಿಪ್ಪೆ ಸೇರಿ, ಬೇಸಿಗೆಯಲ್ಲಿ ಗಾಡಿಯೇರಿ ಹೊಲಕ್ಕೆ ಹೋಗುತ್ತವೆ. ಅದರೊಡನೆ ಒಡೆದ ಮಡಕೆಯ ಚೂರು, ಬಳೆಯ ತುಂಡುಗಳೂ ಹೋಗುತ್ತವೆ. ಗೊಬ್ಬರ ಕರಗುತ್ತದೆ, ಚೂರು ಉಳಿಯುತ್ತದೆ. ಆದ್ದರಿಂದ ಹೊಲದಲ್ಲಿ ತೆಳುವಾಗಿ ಹರಡಿರುವ ಮಡಕೆಚೂರುಗಳನ್ನು ಎಣಿಸಿ, ಯಾವ ಕಾಲದಲ್ಲಿ ಎಷ್ಟು ದೂರದವರೆಗೆ ಗೊಬ್ಬರ ಹಾಕಿ ಸಾಗುವಳಿ ಮಾಡುತ್ತಿದ್ದರೆಂದು ಊಹಿಸಬಹುದು. ಪಶ್ಚಿಮ ಏಷ್ಯಾದ ಹಳೆಯ ಊರುಗಳ ಸುತ್ತ ಟೋನಿ ವಿಲ್ಕಿನ್ಸನ್ ಅವರು ಈ ಕ್ರಮವನ್ನು ಬಳಸಿ ಪ್ರಸಿದ್ಧರಾದರು. ಎರಡನೆಯದು ಹೊಸ ವಿಜ್ಞಾನ. ಮರಳಿನ ಕಣವು ಬಿಸಿಲನ್ನು ಕೊನೆಯ ಸಲ ಕಂಡು ಎಷ್ಟು ಕಾಲವಾಯಿತೆಂಬುದನ್ನು ಪ್ರಯೋಗಾಲಯದಲ್ಲಿ ಅಳೆಯುವ ವಿಧಾನ ಈಗ ರೂಢಿಗೆ ಬಂದಿದೆ. ಬದುವಿನ ಅಡಿಯ ಮಣ್ಣು ಎಂದು ಹೂತುಹೋಯಿತೋ ಅದೇ ಆ ಬದುವಿನ ಹುಟ್ಟು. ಸ್ಪೇನ್, ತುರ್ಕಿ ಮೊದಲಾದ ದೇಶಗಳ ಬೆಟ್ಟದ ಇಳಿಜಾರಿನ ಮೆಟ್ಟಿಲು ಹೊಲಗಳ ಕಾಲವನ್ನು ಹೀಗೆ ಕಂಡುಹಿಡಿದಿದ್ದಾರೆ.

ನಮಗೆ ಮತ್ತೊಂದು ಭಾಗ್ಯವಿದೆ. ಅದುವೇ ಕನ್ನಡ ಶಾಸನಗಳು. ಒಂದು ಭೂಮಿಯನ್ನು ದಾನ ಮಾಡಿದಾಗ ಶಾಸನವು ಅದರ ಚತುಃಸೀಮೆಯನ್ನು ಹೇಳುತ್ತದೆ. ಮೂಡಲಿಗೆ ನಟ್ಟ ಕಲ್ಲು, ತೆಂಕಲಿಗೆ ಹಳ್ಳ, ಪಡುವಲಿಗೆ ಮೊರಡಿ, ಬಡಗಲಿಗೆ ಹುತ್ತ ಅಥವಾ ಹುಣಿಸೆಯ ಮರ, ಹೀಗೆ ಹೆಜ್ಜೆ ಹೆಜ್ಜೆಗೆ ಗುರುತುಗಳು. ಭೂಮಿಯನ್ನು ಗದ್ದೆ, ಬೆದ್ದಲೆ, ತೋಟವೆಂದು ವಿಂಗಡಿಸಿ, ಇಂಥ ಗಳೆಯಿಂದ ಇಷ್ಟು ಮತ್ತರು, ಇಷ್ಟು ಕಮ್ಮ ಎಂದು ಅಳತೆಯನ್ನೂ ಹೇಳುತ್ತವೆ. ನೊಳಂಬವಾಡಿ 32000 ಎಂಬ ಹೆಸರಿನಿಂದ ಪ್ರಸಿದ್ಧವಾಗಿದ್ದ ಈ ಸೀಮೆಯ ಶಾಸನಗಳು ಎಪಿಗ್ರಾಫಿಯಾ ಕರ್ನಾಟಿಕಾ ಮಾಲೆಯ ಹನ್ನೊಂದನೆಯ ಸಂಪುಟದಲ್ಲಿವೆ. ಇಂಗ್ಲೆಂಡಿನ ವಿದ್ವಾಂಸರು ನಕ್ಷೆಯನ್ನು ಹಿಡಿದು ಹೊಲವನ್ನು ನಡೆದಂತೆ, ನಾವು ಶಾಸನವನ್ನು ಹಿಡಿದು ಊರ ಗಡಿಯನ್ನು ನಡೆಯಬಹುದು. ಮರ ಬಿದ್ದಿರಬಹುದು, ಹುತ್ತ ಕರಗಿರಬಹುದು; ಹಳ್ಳವೂ ಮೊರಡಿಯೂ ನಟ್ಟ ಕಲ್ಲೂ ಸುಲಭವಾಗಿ ಅಳಿಯುವಂಥವಲ್ಲ.

ಗಡಿಗಾಗಿ ನಮ್ಮವರು ಪ್ರಾಣವನ್ನೇ ಕೊಟ್ಟಿದ್ದಾರೆ. ತುರುಗೊಳ್, ಊರಳಿವು, ಗಡಿಕಾಳಗಗಳಲ್ಲಿ ಮಡಿದವರ ವೀರಗಲ್ಲುಗಳು ಕನ್ನಡ ನಾಡಿನ ತುಂಬ ನಿಂತಿವೆ. ದಾನದ ಭೂಮಿಗೆ ಮುದ್ರೆಗಲ್ಲುಗಳನ್ನು ನೆಡುತ್ತಿದ್ದುದೂ ಪ್ರಸಿದ್ಧವೇ. ವೈಷ್ಣವ ದಾನಕ್ಕೆ ವಾಮನಮುದ್ರೆಯ ಕಲ್ಲು, ಶಿವಾಲಯಕ್ಕೂ ಮಠಕ್ಕೂ ಬಿಟ್ಟ ಭೂಮಿಗೆ ಲಿಂಗಮುದ್ರೆಯ ಕಲ್ಲು. 1863ರಿಂದ ಮೈಸೂರು ಸಂಸ್ಥಾನದಲ್ಲಿ ಸರ್ಕಾರಿ ಮೋಜಣಿ ಆರಂಭವಾದ ಮೇಲೆ ಬಾಂದುಕಲ್ಲುಗಳು ಬಂದವು. ಹಳೆಯ ಕಲ್ಲುಗಳ ಅಧಿಕಾರ ಕುಗ್ಗಿತು. 1955ರ ಧಾರ್ಮಿಕ ಇನಾಂ ರದ್ದಿಯಾತಿ ಕಾಯಿದೆ ಬಂದ ಮೇಲಂತೂ ಲಿಂಗಮುದ್ರೆಯ ಕಲ್ಲಿಗೆ ವ್ಯವಹಾರದಲ್ಲಿ ಯಾವ ಬೆಲೆಯೂ ಉಳಿಯಲಿಲ್ಲ. ಉಳುವವನಿಗೆ ಭೂಮಿ ಸಂದದ್ದು ನ್ಯಾಯವೇ. ಆದರೆ ಹಕ್ಕಿನ ಗುರುತಾಗಿ ಕಲ್ಲು ಅಳಿದರೂ ಚರಿತ್ರೆಯ ಗುರುತಾಗಿ ಅದು ಉಳಿಯಬೇಕಾಗಿತ್ತು. ಅನೇಕ ಕಡೆ ಅದು ಬಟ್ಟೆ ಒಗೆಯುವ ಕಲ್ಲಾಗಿದೆ, ಕಟ್ಟೆಯ ಚಪ್ಪಡಿಯಾಗಿದೆ.

ನೀರಿನ ವಿಷಯದಲ್ಲಿ ಈ ಜಿಲ್ಲೆಯ ಸಾಕ್ಷ್ಯ ಇನ್ನೂ ಹಳೆಯದು. ಚಿತ್ರದುರ್ಗದ ಬಳಿಯ ಚಂದ್ರವಳ್ಳಿಯಲ್ಲಿ ಕದಂಬ ಮಯೂರಶರ್ಮನ ಶಾಸನವು ಕೆರೆಯ ನಿರ್ಮಾಣವನ್ನು ಹೇಳುತ್ತದೆ. ಮುಂದಿನ ಶಾಸನಗಳಲ್ಲಿ ಕೆರೆಯ ಸಂರಕ್ಷಣೆಗಾಗಿ ಬಿಟ್ಟ ಬಿತ್ತುವಟ್ಟ, ಕೆರೆಗೊಡಗೆ, ಕಟ್ಟಿಸಿದವನಿಗೆ ಸಲ್ಲುವ ದಶವಂದ ಮೊದಲಾದ ವ್ಯವಸ್ಥೆಗಳು ಕಾಣುತ್ತವೆ. ಕಡಪ ಜಿಲ್ಲೆಯ ಪೋರುಮಾಮಿಳ್ಳದ 1369ರ ಶಾಸನವು ಒಂದನೆಯ ಬುಕ್ಕರಾಯನ ಮಗ ಭಾಸ್ಕರನು ಸಾವಿರ ಆಳು, ನೂರು ಬಂಡಿಗಳಿಂದ ಎರಡು ವರ್ಷಗಳಲ್ಲಿ ಕೆರೆ ಕಟ್ಟಿಸಿದುದನ್ನು ಹೇಳಿ, ಒಳ್ಳೆಯ ಕೆರೆಗೆ ಬೇಕಾದ ಹನ್ನೆರಡು ಅಂಗಗಳನ್ನೂ ಆರು ದೋಷಗಳನ್ನೂ ಎಣಿಸುತ್ತದೆ. ಏರಿಯಿಂದ ನೀರು ಒಸರುವುದು, ಮಣ್ಣು ಚೌಳಾಗಿರುವುದು ಮೊದಲಾದುವುಗಳೊಡನೆ, ಕೆರೆ ಎರಡು ರಾಜ್ಯಗಳ ಗಡಿಯಲ್ಲಿರುವುದೂ ಒಂದು ದೋಷವೆಂದು ಅದರಲ್ಲಿದೆ. ಗಡಿ ಮತ್ತು ನೀರು ಬೇರೆ ಬೇರೆಯಲ್ಲ, ಒಂದು ಕೆಟ್ಟರೆ ಇನ್ನೊಂದೂ ಕೆಡುತ್ತದೆ ಎಂಬ ಅನುಭವದ ಮಾತು ಅದು.

ಶರಣ ಪರಂಪರೆಗೂ ಈ ಕೆಲಸಕ್ಕೂ ಇರುವ ನಂಟನ್ನು ಇಲ್ಲಿ ಸ್ಮರಿಸುವುದು ಅಪ್ರಸ್ತುತವಾಗದು. ಸೊನ್ನಲಿಗೆಯ ಸಿದ್ಧರಾಮರು ಕೆರೆ ಕಟ್ಟಿಸಿದ ಕಾಯಕಯೋಗಿಗಳು. ಚಳ್ಳಕೆರೆ ತಾಲ್ಲೂಕಿನ ನಾಯಕನಹಟ್ಟಿಯ ತಿಪ್ಪೇರುದ್ರಸ್ವಾಮಿಗಳು ಊರ ಸುತ್ತ ಐದು ಕೆರೆಗಳನ್ನು ಕಟ್ಟಿಸಿದರೆಂದೂ, ದುಡಿದವರಿಗೆ ದುಡಿದಷ್ಟು ಕೂಲಿ ಸಲ್ಲುವಂತೆ ನೋಡಿಕೊಂಡರೆಂದೂ ಜನ ಇಂದಿಗೂ ಭಕ್ತಿಯಿಂದ ಹೇಳುತ್ತಾರೆ. ಇಂಥ ಐತಿಹ್ಯದ ಬೆನ್ನ ಹಿಂದೆ ಇರುವುದು ಏರಿ, ತೂಬು, ಕೋಡಿ, ಕಾಲುವೆಗಳ ಪ್ರತ್ಯಕ್ಷ ಪ್ರಪಂಚ. ಐತಿಹ್ಯವನ್ನು ಗೌರವಿಸುವವನು ಆ ಏರಿ ತೂಬುಗಳನ್ನೂ ಗೌರವಿಸಬೇಕಾಗುತ್ತದೆ.

ಕರ್ನಾಟಕದಲ್ಲಿ ಹೊಲ ಕಾಲುವೆಗಳನ್ನೇ ಗುರಿಯಾಗಿಟ್ಟುಕೊಂಡು ನಡೆದ ದೊಡ್ಡ ಶೋಧನೆಯೊಂದಿದೆ. ಅದು ಈ ಸೀಮೆಯ ಉತ್ತರಕ್ಕಿರುವ ಹಂಪೆಯ ಸುತ್ತಿನದು. 1988ರಿಂದ ಕಾರ್ಲಾ ಸಿನೊಪೊಲಿ ಮತ್ತು ಕ್ಯಾಥಲೀನ್ ಮಾರಿಸನ್ ಎಂಬ ಅಮೆರಿಕದ ವಿದುಷಿಯರು ಹಲವು ವರ್ಷ ವಿಜಯನಗರದ ಹೊರವಲಯವನ್ನು ಕಾಲ್ನಡಿಗೆಯಲ್ಲಿ ಸುತ್ತಿ, ಕೆರೆ, ಒಡ್ಡು, ಮೆಟ್ಟಿಲು ಹೊಲ, ಕಾಲುವೆ, ದಾರಿ, ಗುಡಿಗಳನ್ನೆಲ್ಲ ಒಂದೊಂದಾಗಿ ದಾಖಲಿಸಿದರು. ಕಮಲಾಪುರದ ಕೆರೆಯ ಹೂಳನ್ನು ಕೊಳವೆಯಿಂದ ತೆಗೆದು, ಅದರಲ್ಲಿನ ಹೂಪರಾಗದ ಕಣಗಳಿಂದ ಅಂದಿನ ಗಿಡಮರಗಳನ್ನು ಗುರುತಿಸಿದರು. ಮಾರಿಸನ್ ಅವರ ಗ್ರಂಥ 1995ರಲ್ಲಿ ಹೊರಬಂದಿತು. ಅವರು ಕಂಡುಕೊಂಡ ಮುಖ್ಯ ಸಂಗತಿಯೆಂದರೆ, ತುಂಗಭದ್ರೆಯಿಂದ ಕಾಲುವೆಗಳು ಬಂದೊಡನೆ ಮಳೆಯಾಶ್ರಯದ ಸಾಗುವಳಿ ಅಳಿಯಲಿಲ್ಲ. ಕಾಲುವೆಯ ಗದ್ದೆ, ಕೆರೆಯ ಗದ್ದೆ, ಗುಡ್ಡದ ಒಡ್ಡು, ಒಣ ಬೆದ್ದಲು ಇವೆಲ್ಲ ಒಟ್ಟೊಟ್ಟಿಗೆ ನಡೆದವು. ನದಿಯ ಕಾಲುವೆಗಳು ದೀರ್ಘಕಾಲ ಉಳಿದವು. ತುರ್ತು ಕಾಲುವೆಯಲ್ಲಿ ಇಂದಿಗೂ ನೀರು ಹರಿಯುತ್ತದೆ. ಮಳೆಯನ್ನೇ ನಂಬಿದ ಅನೇಕ ಕೆರೆಗಳು ಮಾತ್ರ ಬೇಗ ಹೂಳು ತುಂಬಿ ಬಿದ್ದುಹೋದವು. ರಾಜಧಾನಿಯ ವೈಭವದ ಹಿಂದೆ ಮಳೆಯನ್ನು ನೆಚ್ಚಿ ದುಡಿದ ಬಡ ರೈತನಿದ್ದನೆಂಬುದನ್ನು ಒಡ್ಡಿನ ಕಲ್ಲುಗಳೇ ಸಾರಿದವು. ಚಳ್ಳಕೆರೆ ಮೊಳಕಾಲ್ಮೂರು ಸೀಮೆಯದು ಪೂರ್ಣವಾಗಿ ಆ ರೈತನ ಪ್ರಪಂಚ; ಅಲ್ಲಿ ಅಂಥ ನಡಿಗೆ ಎಷ್ಟು ಅಗತ್ಯವೆಂದು ಬೇರೆ ಹೇಳಬೇಕಾಗಿಲ್ಲ.

ಈಗ ವರವು ಕಾವಲಿಗೆ ಮರಳೋಣ. ಮೈಸೂರಿನ ಚಿಕ್ಕದೇವರಾಜ ಒಡೆಯರ (1673–1704) ಕಾಲದಲ್ಲಿ ಅರಮನೆಯ ದನಗಳಿಗಾಗಿ ಬೆಣ್ಣೆ ಚಾವಡಿ ಎಂಬ ಇಲಾಖೆ ಏರ್ಪಟ್ಟು, ಮೇವಿಗಾಗಿ ಕಾವಲುಗಳು ಗೊತ್ತಾದವು. ಟಿಪ್ಪು ಸುಲ್ತಾನನು ಅದಕ್ಕೆ ಅಮೃತ ಮಹಲ್ ಎಂದು ಹೆಸರಿಟ್ಟನು. 1779ರಲ್ಲಿ ಚಿತ್ರದುರ್ಗ ಹೈದರಾಲಿಯ ವಶವಾದ ಮೇಲೆ ಈ ಸೀಮೆಯ ಹುಲ್ಲುಗಾವಲುಗಳೂ ಮೈಸೂರಿನ ಆಡಳಿತಕ್ಕೆ ಸೇರಿದವು. ಬೇಸಿಗೆ, ಮಳೆಗಾಲ, ಚಳಿಗಾಲಗಳಿಗೆ ಬೇರೆ ಬೇರೆ ಕಾವಲುಗಳನ್ನು ಗೊತ್ತುಮಾಡಿ ದನಗಳನ್ನು ಸಾಗಿಸುವುದು ಅಮೃತ ಮಹಲಿನ ಕ್ರಮ. ಕಾವಲೆಂದು ಗೊತ್ತಾದ ನೆಲಕ್ಕೆ ನೇಗಿಲು ಹಾಕುವಂತಿರಲಿಲ್ಲ. ಹೀಗೆ ತಲೆಮಾರುಗಳ ಕಾಲ ನೇಗಿಲಿನಿಂದ ದೂರ ಉಳಿದ ನೆಲ ಇದು.

ಇಂಗ್ಲೆಂಡಿನ ಹುಲ್ಲುಗಾವಲು ಕಲಿಸಿದ ಪಾಠವನ್ನು ಇಲ್ಲಿ ಅನ್ವಯಿಸಿ ನೋಡಬೇಕು. ಸುತ್ತಲಿನ ಶೇಂಗಾ ಹೊಲಗಳಲ್ಲಿ ಟ್ರ್ಯಾಕ್ಟರೂ ಜೆಸಿಬಿಯೂ ಹಳೆಯ ಬದುಗಳನ್ನು ಸಮ ಮಾಡುತ್ತಿವೆ. ಕಾವಲಾಗುವ ಮುನ್ನ ಆ ನೆಲದಲ್ಲಿ ಸಾಗುವಳಿ ನಡೆದಿದ್ದರೆ, ಪಾಳೆಯಗಾರರ, ವಿಜಯನಗರದ, ನೊಳಂಬರ ಕಾಲದ ಬದು ಒಡ್ಡುಗಳು ಉಳಿದಿರುವ ಸಂಭವ ಹೆಚ್ಚಾಗಿರುವುದು ಹುಲ್ಲಿನ ಅಡಿಯಲ್ಲಿಯೇ. ಇಲ್ಲ, ಆ ನೆಲ ಎಂದೂ ನೇಗಿಲು ಕಾಣಲಿಲ್ಲವೆಂದು ತಿಳಿದುಬಂದರೂ ಅದೇನೂ ಬರಿಗೈಯ ಫಲವಲ್ಲ. ಕಾಡುಗೊಲ್ಲರು, ಮ್ಯಾಸಬೇಡರು ತಮ್ಮ ಹಟ್ಟಿಗಳನ್ನೂ ದೇವರ ಎತ್ತುಗಳನ್ನೂ ಕಟ್ಟಿಕೊಂಡು ಬದುಕಿದ ಈ ಸೀಮೆಯಲ್ಲಿ, ಹೊಲಕ್ಕೂ ಹುಲ್ಲಿಗೂ ನಡುವೆ ನಮ್ಮ ಹಿರಿಯರು ಎಲ್ಲಿ ಗೆರೆ ಎಳೆದಿದ್ದರು ಎಂಬುದು ಆಗ ಸ್ಪಷ್ಟವಾಗುತ್ತದೆ. ತುರುಗೊಳಿನಲ್ಲಿ ಮಡಿದ ವೀರನ ಕಲ್ಲನ್ನು ಅರ್ಥಮಾಡಿಕೊಳ್ಳಲು ಆ ತುರು ಮೇದ ನೆಲವನ್ನು ಅರಿಯಬೇಡವೆ? ಎರಡು ಬಗೆಯಲ್ಲೂ ಕಾವಲು ಖಾಲಿ ಹಾಳೆಯಲ್ಲ. ಇನ್ನೂ ಓದದ ಹಾಳೆ.

ಆದರೆ ಓದುವ ಅವಕಾಶ ಕಿರಿದಾಗುತ್ತಿದೆ. ಇಪ್ಪತ್ತೊಂದನೆಯ ಶತಮಾನದ ಮೊದಲ ದಶಕದ ಕೊನೆಯಲ್ಲಿ ಚಳ್ಳಕೆರೆಯ ಅಮೃತ ಮಹಲ್ ಕಾವಲುಗಳಲ್ಲಿ ಸಾವಿರಾರು ಎಕರೆಯನ್ನು ವಿಜ್ಞಾನ ಮತ್ತು ರಕ್ಷಣಾ ಸಂಸ್ಥೆಗಳಿಗೆ ಕೊಡಲಾಯಿತು. ಆವರಣದ ಗೋಡೆಗಳು ಎದ್ದವು. ದನ ಕುರಿಗಳ ದಾರಿ ಮುಚ್ಚಿತೆಂದು ಹಳ್ಳಿಗರು ಪ್ರತಿಭಟಿಸಿದರು. ವ್ಯಾಜ್ಯವು 2013ರಲ್ಲಿ ರಾಷ್ಟ್ರೀಯ ಹಸಿರು ನ್ಯಾಯಮಂಡಳಿಯ ಚೆನ್ನೈ ಪೀಠದ ಮುಂದಿತ್ತು. 2017ರ ಮೇ 28ರಂದು ವರವು ಕಾವಲಿನಲ್ಲಿ ರಕ್ಷಣಾ ಸಂಶೋಧನಾ ಸಂಸ್ಥೆಯ ವಿಮಾನ ಪರೀಕ್ಷಾ ವಲಯದ ಉದ್ಘಾಟನೆಯಾಯಿತು. ಅದರ ವಿಸ್ತಾರ 4290 ಎಕರೆ. ದೇಶದ ರಕ್ಷಣೆಯೂ ವಿಜ್ಞಾನವೂ ಬೇಡವೆನ್ನುವವರು ಯಾರೂ ಇಲ್ಲ. ಆದರೆ ಒಂದು ಗೋರಿ ಅಥವಾ ಗುಡಿ ಇದ್ದಲ್ಲಿ ಅಡಿಪಾಯ ತೋಡುವ ಮುನ್ನ ಕೇಳುವ ಪ್ರಶ್ನೆಯನ್ನು ಒಂದು ಬದು, ಒಂದು ಗೋಕಟ್ಟೆ, ಒಂದು ನಟ್ಟ ಕಲ್ಲು ಇದ್ದಲ್ಲಿಯೂ ಕೇಳಬೇಕೆಂಬ ತಿಳಿವು ಇನ್ನೂ ಬೆಳೆಯಬೇಕಾಗಿದೆ. ಗೋಡೆಯ ಒಳಗೂ ನೆಲವೆಲ್ಲ ಕಟ್ಟಡವಾಗುವುದಿಲ್ಲ. ಆ ಸಂಸ್ಥೆಗಳು ಮನಸ್ಸು ಮಾಡಿದರೆ, ವಿಮಾನವನ್ನು ಪರೀಕ್ಷಿಸುವ ಆ ಬಯಲಿನ ಹಳೆಯ ಗೆರೆಗಳನ್ನು ಮೇಲಿನಿಂದಲೇ ಚಿತ್ರಿಸಿ ಇತಿಹಾಸಕಾರರಿಗೆ ಒಪ್ಪಿಸುವುದು ಅವುಗಳಿಗೆ ಕಷ್ಟವಾಗದು.

ಗೋಡೆಯ ಹೊರಗಿನ ಕೆಲಸ ನಮ್ಮದು. ಮಠದ ವಿದ್ಯಾರ್ಥಿನಿಲಯಗಳಲ್ಲಿ ಓದಿ ಇಂದು ನಾಡಿನ ತುಂಬ ಹರಡಿರುವ ಹಳೆಯ ವಿದ್ಯಾರ್ಥಿಗಳಲ್ಲಿ ಶಿಕ್ಷಕರಿದ್ದಾರೆ, ಇಂಜಿನಿಯರುಗಳಿದ್ದಾರೆ, ಮೋಜಣಿದಾರರಿದ್ದಾರೆ, ರೈತರಿದ್ದಾರೆ. ಅವರವರ ಊರಿನ ಮಟ್ಟಿಗೆ ಮಾಡಬಹುದಾದುದು ಬಹಳವಿದೆ. ಹೊಲವನ್ನು ಸಮ ಮಾಡಿಸುವ ಮುನ್ನ ಹಳೆಯ ಬದುವಿನ ಉದ್ದ, ಎತ್ತರ, ದಿಕ್ಕುಗಳನ್ನು ಬರೆದಿಟ್ಟು ಒಂದು ಚಿತ್ರ ತೆಗೆಯಬಹುದು. ಊರ ಹಿರಿಯರಿಂದ ಹೊಲಗಳ, ಹಳ್ಳಗಳ, ಕಟ್ಟೆಗಳ ಹೆಸರುಗಳನ್ನು ಕೇಳಿ ಪಟ್ಟಿ ಮಾಡಬಹುದು; ಆ ಹೆಸರು ಶಾಸನವೊಂದರ ಚತುಃಸೀಮೆಯಲ್ಲಿ ಕಾಣಿಸಿಕೊಂಡರೆ ಆಶ್ಚರ್ಯಪಡಬೇಕಾಗಿಲ್ಲ. ಲಿಂಗಮುದ್ರೆಯ ಕಲ್ಲನ್ನಾಗಲಿ ವೀರಗಲ್ಲನ್ನಾಗಲಿ ಭಕ್ತಿಯಿಂದಲೇ ಆದರೂ ಕಿತ್ತು ಗುಡಿಯ ಮುಂದೆ ತಂದಿಡಬಾರದು. ಗಡಿಕಲ್ಲಿನ ಅರ್ಥವಿರುವುದು ಅದು ನಿಂತ ಜಾಗದಲ್ಲಿ. ಅಂಥದು ಕಂಡಾಗ ಪುರಾತತ್ತ್ವ ಇಲಾಖೆಗೆ ತಿಳಿಸುವುದು ಉತ್ತಮ. ಮಠಗಳ ಪೆಟ್ಟಿಗೆಗಳಲ್ಲಿರುವ ಸನದು, ಕಡತಗಳಲ್ಲಿಯೂ ಹೊಲದ ಎಲ್ಲೆಗಳು ಬರೆದಿರುತ್ತವೆ. ಆ ಕಾಗದವನ್ನು ನೆಲದೊಡನೆ ಹೋಲಿಸಿ ನೋಡುವ ಕೆಲಸ ಹಕ್ಕು ಸಾಧನೆಗಾಗಿ ಅಲ್ಲ, ಅರಿವಿಗಾಗಿ ನಡೆಯಬೇಕು.

ಬದು ಕಟ್ಟಿದವನ ಹೆಸರು ನಮಗೆ ತಿಳಿಯದು. ಅವನು ಶಾಸನ ಹಾಕಿಸಲಿಲ್ಲ, ಕೀರ್ತಿಯನ್ನು ಬಯಸಲಿಲ್ಲ. ತನ್ನ ಹೊಲದ ಕಲ್ಲನ್ನು ಆಯ್ದು ಅಂಚಿಗೆ ಇಟ್ಟನು. ಅವನ ಮಗ ಅದರ ಮೇಲೆ ಇನ್ನೊಂದನ್ನು ಇಟ್ಟನು. ಕಾಯಕವೆಂದರೆ ಏನೆಂಬುದಕ್ಕೆ ಇದಕ್ಕಿಂತ ದೊಡ್ಡ ನಿದರ್ಶನ ಬೇಕಿಲ್ಲ. ಆ ಕಲ್ಲುಗಳು ಹೇಳುವುದನ್ನು ಅವು ಇದ್ದಲ್ಲಿಯೇ ಕೇಳಿ ಬರೆದಿಟ್ಟುಕೊಳ್ಳುವುದು ನಮ್ಮ ತಲೆಮಾರಿಗೆ ಬಂದಿರುವ ಹೊಣೆ.